ಪೋಕ್ಸೋ 29, 30: ನಾನು ಎಡವಿದ ಜಾಗ

ಇಂಟರ್ನಲ್ಸ್‌ಗೆ ಎರಡೇ ದಿನ. ಶಿವಮೊಗ್ಗದಲ್ಲಿ ಬೆಳಗಿನಿಂದ ಜಡಿಮಳೆ, ಕರೆಂಟೂ ಇಲ್ಲ. ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಈ ಎರಡು ಕಲಮುಗಳನ್ನು ಮರೆಯೋ ಮೊದಲು ಬರೆದಿಡುತ್ತೇನೆ.

ಮೆನ್ಸ್ ರಿಯಾ ಅಂದರೆ ಅಪರಾಧದ ಹಿಂದಿನ ಮನಸ್ಸು: ಉದ್ದೇಶ ಅಥವಾ ಅರಿವು. ಬಿಎನ್‌ಎಸ್, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 74ರಲ್ಲಿ (ಹಳೇ ಐಪಿಸಿ 354) ಅದು ಕಲಮಿನೊಳಗೇ ಇದೆ. ಮಾನಭಂಗದ ಉದ್ದೇಶ ಇರಬೇಕು, ಇಲ್ಲವೇ ಹಾಗಾಗಬಹುದೆಂಬ ಅರಿವು ಇರಬೇಕು. ಸಾಬೀತು ಮಾಡುವ ಹೊರೆ ಪ್ರಾಸಿಕ್ಯೂಷನ್ನಿನದು. ಸರಳ.

ಪೋಕ್ಸೋ ಹಾಗಲ್ಲ. ಕಲಂ 29, 30 ಎರಡೂ ಒಂದೇ ಅಂತ ವಾರವಿಡೀ ಓದಿದ್ದೆ. ಅಲ್ಲ ಮಾರಾಯ್ರೇ! 29 ಕೃತ್ಯದ್ದು: 3, 5, 7, 9ನೇ ಕಲಮಿನ (ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸುಗಳಲ್ಲಿ ಆರೋಪಿ ಅಪರಾಧ ಮಾಡಿದ್ದಾನೆ ಎಂದು ಕೋರ್ಟು ಭಾವಿಸಬೇಕು. 30 ಮನಸ್ಸಿನದು: ಉದ್ದೇಶ, ಅರಿವು ಇತ್ತು ಎಂದು ಭಾವಿಸಬೇಕು. ನನ್ನ ಗುರುತು: 29 ಕೈ, 30 ತಲೆ.

ಹಾಗಾದರೆ ಪ್ರಾಸಿಕ್ಯೂಷನ್ ಸುಮ್ನೆ ಕೂರಬಹುದಾ? ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ತೀರ್ಥಹಳ್ಳಿ ಬಸ್ಸು, ಮಂಡಗದ್ದೆ ಹತ್ತಿರ ತಿರುವು, ನಿಂತವನ ಕೈ ಮಗುವಿಗೆ ತಾಗಿತು ಅಂದುಕೊಳ್ಳಿ. ಮಗುವಿನ ವಯಸ್ಸು 18ಕ್ಕಿಂತ ಕಡಿಮೆ, ಕೈ ತಾಗಿದ್ದು ನಿಜ, ತಾಗಿಸಿದವನು ಇವನೇ. ಈ ಮೂಲ ಸಂಗತಿಗಳನ್ನು ಪ್ರಾಸಿಕ್ಯೂಷನ್ನೇ ಮೊದಲು ತೋರಿಸಬೇಕು. ಕೋರ್ಟುಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಆಮೇಲಷ್ಟೇ ಹೊರೆ ಆರೋಪಿಯ ಹೆಗಲಿಗೆ ಬರುವುದು. ಈ ಮೆಟ್ಟಿಲು ಇಲ್ಲದಿದ್ದರೆ ಸಂವಿಧಾನದ 21ನೇ ವಿಧಿ ಹೇಳುವ ನ್ಯಾಯಯುತ ವಿಚಾರಣೆ ಎಲ್ಲಿ ಉಳಿಯಿತು, ಅಲ್ವಾ?

ಈಗ 30(2). ಇದನ್ನು ಮೂರು ಸಲ ಓದಿದೆ. ಸಾಮಾನ್ಯವಾಗಿ ಆರೋಪಿ ಏನಾದರೂ ಸಾಬೀತು ಮಾಡಬೇಕಾದರೆ ತಕ್ಕಡಿ ಅವನ ಕಡೆ ಸ್ವಲ್ಪ ವಾಲಿದರೂ ಸಾಕು. ಇಲ್ಲಿ ಸಾಲದು. 'ನನಗೆ ಆ ಉದ್ದೇಶ ಇರಲಿಲ್ಲ' ಎಂಬುದನ್ನು ಅವನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಅಂದರೆ ಪ್ರಾಸಿಕ್ಯೂಷನ್ ಹೊರುತ್ತಿದ್ದ ಮೂಟೆಯೇ ಇವನ ತಲೆಗೆ. ನನಗಂತೂ ಇದು ಜಾಸ್ತಿಯೇ ಅನಿಸಿತು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅವನೇ ಸಾಕ್ಷಿ ತರಬೇಕೆಂದಿಲ್ಲ. ಪಾಟೀಸವಾಲಿನಲ್ಲಿ ಕಂಡಕ್ಟರ್ ಬಾಯಿಂದ 'ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ, ನಿಂತವರೆಲ್ಲ ಮುಗ್ಗರಿಸಿದರು' ಅಂತ ಬಂದರೆ ಅದೂ ಅವನ ಲೆಕ್ಕಕ್ಕೇ.

ಪೋಕ್ಸೋ ಕಲಂ 7ಕ್ಕೆ (ಲೈಂಗಿಕ ಉದ್ದೇಶದಿಂದ ಮಗುವನ್ನು ಮುಟ್ಟುವುದು) 2021ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ಬರೆಯಲೇಬೇಕು. ಚರ್ಮಕ್ಕೆ ಚರ್ಮ ತಾಗಿರಲೇಬೇಕು ಎಂದಿದ್ದ ಬಾಂಬೆ ಹೈಕೋರ್ಟ್ ಮಾತನ್ನು ಅದು ತಳ್ಳಿಹಾಕಿತು. ಬಟ್ಟೆಯ ಮೇಲಿಂದ ಮುಟ್ಟಿದರೂ ಅಪರಾಧವೇ; ಮುಖ್ಯವಾಗಿ ನೋಡಬೇಕಾದದ್ದು ಲೈಂಗಿಕ ಉದ್ದೇಶ. ಬಸ್ಸಿನ ಪ್ರಶ್ನೆ ಬಂದರೆ 'ಬಟ್ಟೆ ಇತ್ತಲ್ಲ' ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳಬೇಡಿ. ಹೋದ ಟೆಸ್ಟಲ್ಲಿ ನಾನು ಬರೆದದ್ದು ಅದನ್ನೇ.