ಹೊಸ ಕ್ಯಾರವಾನ್‌ನ ಬ್ರೇಕ್ ಸದ್ದು ಮಾಡುತ್ತಿದೆ, ಡೀಲರ್ ‘ನಾರ್ಮಲ್’ ಅಂತಾರೆ. ಏನು ಮಾಡಲಿ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿದ್ದೇವೆ. ನಾಲ್ಕು ತಿಂಗಳ ಹಿಂದೆ ಹೊಸ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ತಗೊಂಡೆವು. ಎರಡು ಆಕ್ಸಲ್, ನಾಲ್ಕು ಚಕ್ರ, ಎಲೆಕ್ಟ್ರಿಕ್ ಬ್ರೇಕ್. ಮೊದಲ ದಿನದಿಂದಲೂ ಬ್ರೇಕ್ ಒತ್ತಿದರೆ ಸದ್ದು, ಈಗ ಇನ್ನೂ ಜಾಸ್ತಿಯಾಗಿದೆ. ಎರಡು ಸಲ ಡೀಲರ್ ಹತ್ತಿರ ಬಿಟ್ಟು ಬಂದೆವು. ‘ಇದು ನಾರ್ಮಲ್, ಓಡಿಸ್ತಾ ಸರಿಹೋಗುತ್ತೆ’ ಅಂತ ವಾಪಸ್ ಕೊಟ್ಟರು. ಬೇಕಾದರೆ ಆಕ್ಸಲ್ ಕಂಪನಿಯವರನ್ನೇ ಕೇಳಿ ಅಂತಲೂ ಹೇಳಿದರು. ಮುಂದಿನ ತಿಂಗಳು ಗ್ರಾಂಪಿಯನ್ಸ್ ಬೆಟ್ಟದ ಹಾಲ್ಸ್ ಗ್ಯಾಪ್‌ಗೆ ಹೋಗಬೇಕು. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ವಾರಂಟಿಯಲ್ಲಿ ರಿಪೇರಿ ಮಾಡಿಸೋಕೆ ಆಗುತ್ತಾ, ಇಲ್ಲಾ ಸುಮ್ನೆ ಓಡಿಸಬೇಕಾ?

ಉತ್ತರ: ಮಾಡಿಸೋಕೆ ಆಗುತ್ತದೆ. ಆದರೆ ಅದಕ್ಕೂ ಮೊದಲು ನಾನು ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕು. ಯಾವ ಸದ್ದು?

ತಮಾಷೆಗೆ ಕೇಳುತ್ತಿಲ್ಲ. ನಿಮ್ಮ ಎರಡೂ ಜಾಬ್ ಕಾರ್ಡ್ ತೆಗೆದು ನೋಡಿ. ‘ಬ್ರೇಕ್ ನಾಯ್ಸ್’ ಅಂತ ಎರಡೇ ಪದ ಬರೆದಿರುತ್ತಾರೆ. ಅಷ್ಟೇ ಬರೆದರೆ ಮೆಕ್ಯಾನಿಕ್ ಒಂದು ಸುತ್ತು ಹೋಗಿ ಬಂದು ‘ನಾರ್ಮಲ್’ ಅನ್ನುವುದು ಸುಲಭ. ನಮ್ಮ ಭಾಷೆಯಲ್ಲಿ ಸದ್ದಿಗೆ ಪದಗಳ ಬರ ಇಲ್ಲ, ಅಲ್ವಾ? ಗುಂಯ್, ಸರಸರ, ಕಿರ್ರ್, ಕಟ್, ಗೊರಗೊರ, ಕರಕರ. ಎಲೆಕ್ಟ್ರಿಕ್ ಬ್ರೇಕ್‌ನಲ್ಲಿ ಈ ಒಂದೊಂದಕ್ಕೂ ಒಂದೊಂದು ಕಾರಣ ಇದೆ. ಕೆಲವು ನಿಜವಾಗಲೂ ನಾರ್ಮಲ್. ಕೆಲವು ಕೇಳಿದರೆ ಗಾಡಿ ಪಕ್ಕಕ್ಕೆ ಹಾಕಬೇಕು.

ಈ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಸದ್ದುಗಳೂ ಅರ್ಥವಾಗುತ್ತವೆ. ಕಾರಿನಲ್ಲಿ ಇರುವ ಹಾಗೆ ಇದರಲ್ಲಿ ಬ್ರೇಕ್ ಆಯಿಲ್ ಇಲ್ಲ. ನೀವು ಪೆಡಲ್ ಒತ್ತಿದಾಗ ಕಾರಿನೊಳಗಿನ ಕಂಟ್ರೋಲರ್ ಹಿಂದಕ್ಕೆ ಕರೆಂಟ್ ಕಳಿಸುತ್ತದೆ. ಪ್ರತಿ ಚಕ್ರಕ್ಕೂ ಅದರ ಜೊತೆ ತಿರುಗುವ ಒಂದು ಕಬ್ಬಿಣದ ಡ್ರಮ್, ಅದರೊಳಗೆ ಒಂದು ಮ್ಯಾಗ್ನೆಟ್ ಇದೆ. ಕರೆಂಟ್ ಬಂದ ಕೂಡಲೇ ಅದು ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಂಡು ಅದರ ಜೊತೆಗೇ ಎಳೆದುಕೊಂಡು ಹೋಗಲು ನೋಡುತ್ತದೆ. ಆ ಎಳೆತಕ್ಕೆ ಒಂದು ಲಿವರ್ ತಿರುಗುತ್ತದೆ, ಲಿವರ್ ಬ್ರೇಕ್ ಶೂಗಳನ್ನು, ಅಂದರೆ ಚಕ್ರ ತಡೆಯುವ ಬಾಗಿದ ಪಟ್ಟಿಗಳನ್ನು, ಡ್ರಮ್ಮಿಗೆ ಒತ್ತುತ್ತದೆ. ಅಂದರೆ ಕಬ್ಬಿಣಕ್ಕೆ ಮ್ಯಾಗ್ನೆಟ್ ಉಜ್ಜುವುದೇ ಇದರ ಕೆಲಸ. ಪೂರ್ತಿ ಮೌನ ಬೇಕು ಅಂದರೆ ಅದು ಇದರಲ್ಲಿ ಸಿಗುವುದಿಲ್ಲ.

‘ಗುಂಯ್’ ಅನ್ನುವುದು ಕರೆಂಟಿನ ಸದ್ದು. ಕಂಟ್ರೋಲರ್ ಕರೆಂಟನ್ನು ಒಂದೇ ಸಮ ಬಿಡುವುದಿಲ್ಲ, ಚಕಚಕ ಆನ್-ಆಫ್ ಮಾಡುತ್ತಾ ಬಿಡುತ್ತದೆ. ಆ ಮಿಡಿತಕ್ಕೆ ಮ್ಯಾಗ್ನೆಟ್ ಗುಂಯ್ಗುಡುತ್ತದೆ. ನಿಧಾನಕ್ಕೆ ಹೋಗುವಾಗ, ಕಿಟಕಿ ತೆಗೆದಿದ್ದರೆ, ಪಕ್ಕದಲ್ಲಿ ಗೋಡೆ ಇದ್ದರೆ ಚೆನ್ನಾಗಿ ಕೇಳುತ್ತದೆ. ನನ್ನ ಮೊದಲ ದೂರು ಇದೇ ಆಗಿತ್ತು. ತೊಂಬತ್ತು ಕಿಲೋಮೀಟರ್ ಎಳೆದುಕೊಂಡು ಹೋಗಿ, ‘ಸರ್, ಅದು ಬ್ರೇಕ್ ಕೆಲಸ ಮಾಡ್ತಿರೋ ಸದ್ದು’ ಅನ್ನಿಸಿಕೊಂಡು ಬಂದೆ. ಆವತ್ತು ಡೀಲರ್ ಹೇಳಿದ್ದು ಸರಿ ಇತ್ತು.

‘ಸರಸರ’ ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಒಂದು ಕಡೆ ಮಾತ್ರ ಸವರಿದ ಹಾಗೆ ಕೇಳುವ ಸದ್ದು. ಹೊಸ ಶೂ ಡ್ರಮ್ಮಿನ ಆಕಾರಕ್ಕೆ ಇನ್ನೂ ಕೂತಿರುವುದಿಲ್ಲ, ಅಲ್ಲಲ್ಲಿ ತಾಗುತ್ತದೆ. ಮಳೆಯಲ್ಲಿ ವಾರಗಟ್ಟಲೆ ನಿಲ್ಲಿಸಿದ್ದರೆ ಡ್ರಮ್ಮಿಗೆ ತೆಳ್ಳಗೆ ತುಕ್ಕು ಹಿಡಿದು ಇದೇ ಸದ್ದು ಬರುತ್ತದೆ. ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ‘ಕಿರ್ರ್’ ಧೂಳಿನಿಂದ ಇರಬಹುದು, ಶೂ ಕಾದು ಗಾಜಿನ ಹಾಗೆ ನುಣುಪಾಗಿದ್ದರಿಂದಲೂ ಇರಬಹುದು. ‘ಕಟ್’ ಅಂತ ಪ್ರತಿ ಸಲ ಒಂದೇ ಏಟು ಬಂದರೆ ಮೊದಲು ಟೋ ಬಾರ್ ಮತ್ತು ಕಪ್ಲಿಂಗ್, ಅಂದರೆ ಕಾರಿಗೆ ಕ್ಯಾರವಾನ್ ಕೊಂಡಿ ಹಾಕುವ ಜಾಗ, ನೋಡಿ. ಎಷ್ಟೋ ಸಲ ಅದು ಬ್ರೇಕೇ ಆಗಿರುವುದಿಲ್ಲ. ಬ್ರೇಕ್ ಒತ್ತದೆಯೂ ‘ಗೊರಗೊರ’ ಅಂದರೆ ಬೇರಿಂಗ್ ಇರಬಹುದು. ‘ಕರಕರ’ ಅಂತ ಕಬ್ಬಿಣಕ್ಕೆ ಕಬ್ಬಿಣ ಕೆರೆದ ಹಾಗಿದ್ದರೆ ಒಳಗೆ ಸ್ಪ್ರಿಂಗ್ ಕಳಚಿರಬಹುದು, ಮ್ಯಾಗ್ನೆಟ್ ಸಡಿಲ ಆಗಿರಬಹುದು. ಈ ಕೊನೆಯ ಎರಡು ಕೇಳಿದರೆ ಗಾಡಿ ಎಳೆಯಬೇಡಿ.

ನಿಮ್ಮ ಡೀಲರ್ ‘ಓಡಿಸ್ತಾ ಸರಿಹೋಗುತ್ತೆ’ ಅಂದಿದ್ದರಲ್ಲಿ ಅರ್ಧ ಸತ್ಯ ಇದೆ. ಶೂ ಕೂರಬೇಕು ನಿಜ, ಆದರೆ ಅದು ಸುಮ್ನೆ ಓಡಿಸಿದರೆ ಆಗುವ ಕೆಲಸ ಅಲ್ಲ. ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಿಂದ 30ಕ್ಕೆ ಇಳಿಯುವ ಹಾಗೆ ಇಪ್ಪತ್ತು ಮೂವತ್ತು ಸಲ ಬ್ರೇಕ್ ಹಾಕಬೇಕು, ನಡುನಡುವೆ ಆರಲು ಬಿಡಬೇಕು. ಶೂ ಕೂತ ಮೇಲೆ ಡ್ರಮ್ಮಿಗೂ ಅದಕ್ಕೂ ನಡುವಿನ ಸಂದು ದೊಡ್ಡದಾಗುತ್ತದೆ. ಆಗ ಅಡ್ಜಸ್ಟ್ ಮಾಡಬೇಕು. ಅಮೆರಿಕದ ಡೆಕ್ಸ್ಟರ್ ಆಕ್ಸಲ್‌ನ ಕೈಪಿಡಿ ಮೊದಲ ಅಡ್ಜಸ್ಟ್‌ಮೆಂಟ್ ಅನ್ನು 200 ಮೈಲಿಗೆ, ಅಂದರೆ ಸುಮಾರು 320 ಕಿಲೋಮೀಟರ್‌ಗೆ ಮಾಡಿ ಅನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಬಹಳಷ್ಟು ತಯಾರಕರು ಮೊದಲ ಸರ್ವಿಸ್ ಅನ್ನು 1,000 ಕಿಲೋಮೀಟರ್‌ಗೆ ಇಟ್ಟಿರುತ್ತಾರೆ. ನಿಮ್ಮ ಪುಸ್ತಕದಲ್ಲಿ ಎಷ್ಟಿದೆ ನೋಡಿ. ಆ ಸರ್ವಿಸ್ ಮಾಡಿಸಿದ್ದೀರಾ? ಬಿಲ್ ಇದೆಯಾ? ವಾರಂಟಿ ಮಾತು ಬಂದಾಗ ಅವರು ಮೊದಲು ಕೇಳುವುದು ಅದನ್ನೇ. ಸರ್ವಿಸ್ ಅವರ ಹತ್ತಿರವೇ ಆಗಬೇಕು ಅಂತೇನಿಲ್ಲ. ಅರ್ಹತೆ ಇರುವ ಬೇರೆ ಮೆಕ್ಯಾನಿಕ್ ತಯಾರಕರು ಹೇಳಿದ ರೀತಿಯಲ್ಲಿ ಮಾಡಿದ್ದರೂ ನಡೆಯುತ್ತದೆ.

ಇನ್ನು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಮುಟ್ಟದೆ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ತಗೊಳ್ಳಿ. ಇಪ್ಪತ್ತು ನಿಮಿಷ ಕ್ಯಾರವಾನ್ ಎಳೆದು, ಹತ್ತಾರು ಸಲ ಸಾಧಾರಣವಾಗಿ ಬ್ರೇಕ್ ಹಾಕಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ನಾಲ್ಕೂ ಡ್ರಮ್ಮಿಗೆ ಒಂದೇ ಜಾಗದಲ್ಲಿ ಗುರಿ ಇಟ್ಟು ಬರೆದುಕೊಳ್ಳಿ. ಕೈ ಇಡಬೇಡಿ, ಸುಟ್ಟೀತು. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಸಮಾಧಾನ. ಒಂದು ಮಾತ್ರ ಬಹಳ ಬಿಸಿ ಇದ್ದರೆ ಆ ಬ್ರೇಕ್ ಬಿಡುತ್ತಿಲ್ಲ, ಇಲ್ಲವೇ ಬೇರಿಂಗ್ ಕಾಯುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಲೇ ಇಲ್ಲ.

ನನಗೆ ಬುದ್ಧಿ ಬಂದಿದ್ದು ಈ ಕೊನೆಯದರಿಂದ. ಮೂರು ಚಕ್ರ ಕಿರ್ರ್ ಅನ್ನುತ್ತಿದ್ದವು. ಹಿಂದಿನ ಎಡಗಡೆಯದು ಮಾತ್ರ ಸಾಧು ಪ್ರಾಣಿ, ಉಸಿರೇ ಇಲ್ಲ. ಎರಡು ಸಲ ಡೀಲರ್ ಹತ್ತಿರ ಬಿಟ್ಟೆ. ಎರಡು ಸಲವೂ ಸದ್ದು ಮಾಡುವ ಮೂರನ್ನೇ ಒರೆಸಿ, ಅಡ್ಜಸ್ಟ್ ಮಾಡಿ ಕೊಟ್ಟರು. ಆಮೇಲೆ ಹೊರಗಿನ ಮೆಕ್ಯಾನಿಕ್ ಒಬ್ಬರು ಶಾಖ ಅಳೆದು ನೋಡಿ, ಆ ಸಾಧು ಚಕ್ರದ ಡ್ರಮ್ ಬಿಚ್ಚಿದರು. ಚಕ್ರದ ನಡುವಿನ ಹಬ್ಬಿನ ಹಿಂದೆ ಗ್ರೀಸ್ ತಡೆಯುವ ಸೀಲ್ ವಾರೆಯಾಗಿ ಕೂತಿತ್ತು. ಬೇರಿಂಗಿನ ಗ್ರೀಸ್ ಎಲ್ಲ ಸೋರಿ ಶೂ ಮೇಲೆ ಎಣ್ಣೆ ಹಚ್ಚಿದ ತವಾ ಹಾಗೆ ಹೊಳೆಯುತ್ತಿತ್ತು. ಆ ಚಕ್ರದ ಪಾಲಿನ ಕೆಲಸವನ್ನೂ ಉಳಿದ ಮೂರು ಮಾಡಿ ಕೂಗಾಡುತ್ತಿದ್ದವು. ಗ್ರೀಸ್ ಕುಡಿದ ಶೂವನ್ನು ತೊಳೆದು ಮತ್ತೆ ಹಾಕುವ ಹಾಗಿಲ್ಲ, ಬದಲಾಯಿಸಲೇಬೇಕು.

ಅದಕ್ಕೇ ಹೇಳಿದ್ದು, ಬರೆದುಕೊಳ್ಳಿ ಅಂತ. ಯಾವ ಚಕ್ರ, ಯಾವ ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಬೆಳಿಗ್ಗೆ ಮೊದಲೋ ಕಾದ ಮೇಲೋ. ನಾಲ್ಕು ಶಾಖದ ಅಂಕಿ. ಮೊಬೈಲ್‌ನಲ್ಲಿ ಎರಡು ವಿಡಿಯೋ. ಇಷ್ಟನ್ನು ಡೀಲರ್‌ಗೆ ಇಮೇಲ್ ಮಾಡಿ. ಫೋನಿನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ನಾಳೆ ಅದಕ್ಕೆ ಸಾಕ್ಷಿ ಇರುವುದಿಲ್ಲ. ಕ್ಯಾರವಾನ್ ಬಿಡುವಾಗ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ದೂರು ಬರೆಸಿ. ವಾಪಸ್ ತಗೊಳ್ಳುವಾಗ ನಾಲ್ಕೂ ಡ್ರಮ್ ಬಿಚ್ಚಿದರಾ, ಏನು ಕಂಡಿತು ಅಂತ ಬರೆಸಿ. ಆಗಲೂ ನಾರ್ಮಲ್ ಅಂದರೆ, ‘ಈ ಸದ್ದು ನಾರ್ಮಲ್, ಈ ಕ್ಯಾರವಾನ್ ಪೂರ್ತಿ ಭಾರ ಹೊತ್ತು ರಸ್ತೆಗಿಳಿಯಲು ಸುರಕ್ಷಿತ’ ಅಂತ ಇಮೇಲ್‌ನಲ್ಲಿ ಬರೆದುಕೊಡಿ ಅನ್ನಿ. ಜಗಳ ಬೇಡ, ನಗುನಗುತ್ತಲೇ ಕೇಳಿ. ಎಷ್ಟೋ ಸಲ ಆ ಸಾಲು ಬರೆಯಬೇಕು ಅಂದಾಗಲೇ ಡ್ರಮ್ ಬಿಚ್ಚುವ ಮನಸ್ಸು ಬರುತ್ತದೆ.

‘ಆಕ್ಸಲ್ ಕಂಪನಿಯವರನ್ನೇ ಕೇಳಿ’ ಅನ್ನುವ ಮಾತಿಗೆ ಬರೋಣ. ಇದನ್ನು ಒಪ್ಪಬೇಡಿ. 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ, ಮಾರಿದ ಅಂಗಡಿಯವರೇ ನಿಮಗೆ ಹೊಣೆ. ಅವರು ತಯಾರಕರ ಹತ್ತಿರ, ತಯಾರಕರು ಆಕ್ಸಲ್ ಕಂಪನಿಯ ಹತ್ತಿರ ಏನು ಲೆಕ್ಕ ಇಟ್ಟುಕೊಂಡಿದ್ದಾರೋ ಅದು ಅವರವರ ಮನೆ ವಿಚಾರ. ವಾರಂಟಿ ಪುಸ್ತಕದಲ್ಲಿ ಏನೇ ಬರೆದಿರಲಿ, ಈ ಕಾನೂನಿನ ಖಾತರಿಯನ್ನು ತೆಗೆದುಹಾಕಲು ಆಗುವುದಿಲ್ಲ. ಅದೇ ಪುಸ್ತಕದಲ್ಲಿ ಈ ಅರ್ಥದ ಒಂದು ಸಾಲು ಇರುತ್ತದೆ, ಹುಡುಕಿ. ಅದನ್ನು ಹಾಕುವುದು ಕಡ್ಡಾಯ. ಕಂಪನಿಯ ವಾರಂಟಿ ಮುಗಿದ ಮಾತ್ರಕ್ಕೆ ಈ ಖಾತರಿ ಮುಗಿಯುವುದೂ ಇಲ್ಲ.

ಕಾನೂನು ದೋಷವನ್ನು ಎರಡು ಬಗೆ ಮಾಡುತ್ತದೆ. ಚಿಕ್ಕ ದೋಷವಾದರೆ ರಿಪೇರಿ ಮಾಡಬೇಕಾ ಬದಲಾಯಿಸಬೇಕಾ ಅನ್ನುವುದು ಅಂಗಡಿಯವರ ಆಯ್ಕೆ, ಆದರೆ ಬಿಟ್ಟಿಯಾಗಿ, ಸರಿಯಾದ ಸಮಯದಲ್ಲಿ ಮಾಡಿಕೊಡಬೇಕು. ದೊಡ್ಡ ದೋಷವಾದರೆ ಆಯ್ಕೆ ನಿಮ್ಮದು. ದುಡ್ಡು ವಾಪಸ್ ಕೇಳಬಹುದು, ಬೇರೆ ಕ್ಯಾರವಾನ್ ಕೇಳಬಹುದು, ಇಟ್ಟುಕೊಂಡು ಪರಿಹಾರ ಕೇಳಬಹುದು. ವಸ್ತು ಅಸುರಕ್ಷಿತ ಆಗಿರುವುದು ದೊಡ್ಡ ದೋಷಕ್ಕೆ ಒಂದು ಕಾರಣ. ಸುಮ್ನೆ ಕಿರ್ರ್ ಅನ್ನುವ ಬ್ರೇಕ್ ದೊಡ್ಡ ದೋಷ ಆಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಹಿಡಿಯದ ಬ್ರೇಕಿನ ಮಾತು ಬೇರೆ. 2020ರ ಕೊನೆಯಲ್ಲಿ ಬಂದ ತಿದ್ದುಪಡಿಯಿಂದ ಹಲವು ಚಿಕ್ಕ ದೋಷಗಳನ್ನು ಒಟ್ಟಿಗೆ ಸೇರಿಸಿ ದೊಡ್ಡ ದೋಷ ಅಂತ ವಾದಿಸಲೂ ಜಾಗ ಇದೆ. ಹಾಗಾಗಿ ಸೋರುವ ಕಿಟಕಿ, ಮುಚ್ಚದ ಬಾಗಿಲು ಇದ್ದರೆ ಅದನ್ನೂ ಇದೇ ಇಮೇಲ್‌ನಲ್ಲಿ ಬರೆಯಿರಿ.

ಅವರ ಕಡೆಯ ಒಂದು ಮಾತು ನ್ಯಾಯವಾದದ್ದು. ಶೂ ಸವೆಯುವ ವಸ್ತು, ಸವೆದದ್ದಕ್ಕೆ ವಾರಂಟಿ ಇರುವುದಿಲ್ಲ. ಆದರೆ ಕೆಟ್ಟ ಸೀಲಿನಿಂದ ಗ್ರೀಸ್ ಬಿದ್ದು ಹಾಳಾದ ಶೂ ಸವೆದದ್ದಲ್ಲ. ಈ ವ್ಯತ್ಯಾಸ ಮಾತಾಡುವಾಗ ನೆನಪಿರಲಿ. ಬಿಚ್ಚಿದ ಹಳೆ ಭಾಗಗಳ ಫೋಟೋ ಕೇಳಿ ಇಟ್ಟುಕೊಳ್ಳಿ.

ಈ ಕಷ್ಟ ನಿಮಗೊಬ್ಬರಿಗೇ ಅಲ್ಲ. ಗ್ರಾಹಕ ಆಯೋಗವಾದ ಎಸಿಸಿಸಿ 2022ರಲ್ಲಿ ಹೊಸ ಕ್ಯಾರವಾನ್ ಮಾರಾಟದ ಬಗ್ಗೆ ಒಂದು ವರದಿ ತಂದಿತು. ಅದರ ಸಮೀಕ್ಷೆಗೆ ಉತ್ತರ ಕೊಟ್ಟವರು 2,270 ಮಂದಿ. ಅವರಲ್ಲಿ ಶೇ. 80ರಷ್ಟು ಜನ ತಮ್ಮ ಕ್ಯಾರವಾನ್‌ನಲ್ಲಿ ಏನೋ ಒಂದು ದೋಷ ಕಂಡಿದ್ದೇವೆ ಅಂದರು. ತೊಂದರೆ ಆದವರೇ ಇಂಥದ್ದಕ್ಕೆ ಜಾಸ್ತಿ ಉತ್ತರ ಕೊಡುತ್ತಾರೆ ಅನ್ನುವುದು ನಿಜ. ಆದರೂ ಅಷ್ಟು ಜನ ಅಂದರೆ ಕಡಿಮೆಯಲ್ಲ.

ಇಮೇಲ್‌ಗೂ ಬಗ್ಗದಿದ್ದರೆ ವಿಕ್ಟೋರಿಯಾದಲ್ಲಿ ಮೊದಲು ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ, ಆಮೇಲೆ ವಿಕ್ಯಾಟ್ ನ್ಯಾಯಮಂಡಳಿ. ವಕೀಲರಿಲ್ಲದೆ ನೀವೇ ಹೋಗಿ ಹೇಳಿಕೊಳ್ಳಬಹುದು. ಸಿಡ್ನಿಯವರಿಗೆ ಎನ್‌ಕ್ಯಾಟ್, ಬ್ರಿಸ್ಬೇನ್‌ನವರಿಗೆ ಕ್ಯೂಕ್ಯಾಟ್ ಇದೆ. ಅಲ್ಲಿಗೆ ಹೋಗುವಾಗ ಹೊರಗಿನ ಮೆಕ್ಯಾನಿಕ್ ಬರೆದ ಒಂದು ಪುಟದ ವರದಿ ನಿಮ್ಮ ಹತ್ತು ಪುಟದ ಸಿಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸರ್ಕಾರದ ವಾಹನ ರೀಕಾಲ್ ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯಾ ಅಂತಲೂ ಒಮ್ಮೆ ನೋಡಿ. ಎರಡು ನಿಮಿಷದ ಕೆಲಸ.

ಇನ್ನು ಹಾಲ್ಸ್ ಗ್ಯಾಪ್. ಆ ಶಾಖದ ಪರೀಕ್ಷೆ ಈ ಶನಿವಾರವೇ ಮಾಡಿ. ನಾಲ್ಕೂ ಒಂದೇ ಸಮ ಇದ್ದು, ಸದ್ದು ಗುಂಯ್ ಅಥವಾ ಸರಸರ ಅಷ್ಟೇ ಆಗಿದ್ದರೆ, ಅಡ್ಜಸ್ಟ್ ಮಾಡಿಸಿಕೊಂಡು ಹೋಗಿ ಬನ್ನಿ. ಹೊರಡುವ ಮುಂಚೆ ಕಂಟ್ರೋಲರ್‌ನ ಗೇನ್, ಅಂದರೆ ಬ್ರೇಕ್‌ಗೆ ಎಷ್ಟು ಕರೆಂಟ್ ಬಿಡಬೇಕು ಅನ್ನುವ ಸೆಟ್ಟಿಂಗ್, ನೋಡಿ. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಕೈಯಿಂದ ಕ್ಯಾರವಾನ್ ಬ್ರೇಕ್ ಮಾತ್ರ ಹಾಕಿದರೆ ಅದು ಕಾರನ್ನು ಹಿಂದಕ್ಕೆ ಜಗ್ಗಬೇಕು, ಚಕ್ರ ಲಾಕ್ ಆಗಬಾರದು. ಗ್ರಾಂಪಿಯನ್ಸ್ ಬೆಟ್ಟದ ರಸ್ತೆಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಲಾರಿ ಡ್ರೈವರ್‌ಗಳು ಹೇಳುವುದನ್ನೇ ಮಾಡಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಒಂದು ಚಕ್ರ ಬೇರೆ ಮಾತಾಡುತ್ತಿದ್ದರೆ, ಅಂದರೆ ಬಹಳ ಬಿಸಿಯೋ ಬಹಳ ತಣ್ಣಗೋ ಇದ್ದರೆ, ಸೈಟ್ ಬುಕಿಂಗ್ ಇರಲಿ, ಅಲ್ಲೇ ಕ್ಯಾಬಿನ್ ಸಿಗುತ್ತಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಕ್ಯಾರವಾನ್ ಮನೆಯಲ್ಲೇ ಇರಲಿ. ಅಪ್ಪ ಅಮ್ಮನಿಗೂ ಕ್ಯಾಬಿನ್ನಿನ ಬಾತ್‌ರೂಮೇ ಅನುಕೂಲ.