ಹಳೆಯ ರೈಫಲಿನ ಉಕ್ಕು ಎಷ್ಟು ಗಟ್ಟಿ?

ನೂರು ವರ್ಷ ದಾಟಿದ ಬೋಲ್ಟ್ ಆ್ಯಕ್ಷನ್ (ನಳಿಕೆಯ ಹಿಂಬದಿಯನ್ನು ಕೈಯಿಂದ ಎಳೆದು ತಳ್ಳುವ ಉಕ್ಕಿನ ಸರಳು, ಅಂದರೆ ಬೋಲ್ಟ್, ಮುಚ್ಚುವ) ಬೇಟೆ ರೈಫಲ್‌ಗಳು ಇಂದಿಗೂ ಬಳಕೆಯಲ್ಲಿವೆ. ಹಳತಾದಷ್ಟೂ ಅಪಾಯ ಹೆಚ್ಚು ಎಂದು ಹೆದರುವವರಿದ್ದಾರೆ. ಆ ಕಾಲದ ಉಕ್ಕಿಗೆ ಏನೂ ಆಗದು ಎಂದು ನಂಬಿದವರೂ ಇದ್ದಾರೆ. ಇಬ್ಬರ ಲೆಕ್ಕವೂ ತಪ್ಪು. ತುಕ್ಕು ಹಿಡಿಯದಂತೆ ಕಾಪಾಡಿದ ಉಕ್ಕು ಕೂತಲ್ಲೇ ಬಲ ಕಳೆದುಕೊಳ್ಳುವುದಿಲ್ಲ. ಅದು ಕುಲುಮೆಯಲ್ಲಿ ಯಾವ ಹದ ಪಡೆಯಿತು, ಆಮೇಲೆ ಯಾರ ಕೈಯಲ್ಲಿ ಏನೇನು ಕಂಡಿತು ಎಂಬುದನ್ನು ವಿಚಾರಿಸಬೇಕು.

ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲನ್ನೇ ನೋಡಿ. ಸೇನೆಗಾಗಿ ತಯಾರಾದ ಇವುಗಳಲ್ಲಿ ಎಷ್ಟೋ ಮುಂದೆ ಬೇಟೆಗಾರರ ಪಾಲಾದವು. 1917ರಲ್ಲಿ ಕೆಲವು ರೈಫಲ್‌ಗಳ ರಿಸೀವರ್, ಅಂದರೆ ಬೋಲ್ಟ್ ಕೂರುವ ಉಕ್ಕಿನ ಮೈ, ಗುಂಡು ಹಾರಿಸುವಾಗಲೇ ಸಿಡಿದು ಚೂರಾಯಿತು. ಕಾರಣ ಸಿಕ್ಕಿದ್ದು ಕುಲುಮೆಯಲ್ಲಿ. ಕೆಲಸಗಾರರು ಕಾದ ಉಕ್ಕಿನ ಬಣ್ಣ ನೋಡಿ ಶಾಖ ನಿರ್ಧರಿಸುತ್ತಿದ್ದರು. ಕಸುಬಿನಲ್ಲಿ ಪಳಗಿದವರೇ ಅವರೆಲ್ಲ. ಆದರೆ ಬಿಸಿಲಿನ ಬೆಳಕಿನಲ್ಲಿ ಕೆಂಪಗೆ ಕಾದ ಉಕ್ಕೂ ಮಂಕಾಗಿ ಕಾಣುತ್ತದೆ. ಸಾಲದೆಂದು ಇನ್ನಷ್ಟು ಕಾಯಿಸುತ್ತಿದ್ದರು. ಉಷ್ಣಮಾಪಕ ಹಿಡಿದು ನೋಡಿದರೆ, ಮೋಡದ ದಿನಕ್ಕೂ ಬಿಸಿಲಿನ ದಿನಕ್ಕೂ 150 ಡಿಗ್ರಿ ಸೆಲ್ಸಿಯಸ್ ಮೀರಿದ ವ್ಯತ್ಯಾಸ ಬರಬಹುದೆಂದು ತಿಳಿಯಿತು! ಮಿತಿಮೀರಿ ಕಾದ ಉಕ್ಕು ಪೆಡಸಾಗುತ್ತದೆ, ಬಾಗುವ ಬದಲು ಒಡೆಯುತ್ತದೆ.

1918ರಲ್ಲಿ ಹದ ಹಾಕುವ ಕ್ರಮವನ್ನೇ ಬದಲಿಸಿದರು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ, ರಾಕ್ ಐಲ್ಯಾಂಡ್ ಕಾರ್ಖಾನೆಯದಾದರೆ 2,85,507ಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ರೈಫಲನ್ನು ಹಾರಿಸದಿರುವುದೇ ಕ್ಷೇಮ. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಪೆಡಸು ಉಕ್ಕು ಸೂಚನೆ ಕೊಟ್ಟು ಒಡೆಯುವುದಿಲ್ಲ.

ಜರ್ಮನಿಯ 1898ರ ಮೌಸರ್ ರೈಫಲ್ ಇನ್ನೊಂದು ದಾರಿ ಹಿಡಿಯಿತು: ಮೇಲ್ಪದರ ಗಡಸು, ಒಳಗೆ ಮೆದು. ಬೋಲ್ಟಿನ ಮುಂದಿನ ಎರಡು ಹಿಡಿತದ ಮೊಳೆಗಳು (ರಿಸೀವರಿಗೆ ಕಚ್ಚಿಕೊಳ್ಳುವ ಉಬ್ಬುಗಳು) ಕೈಕೊಟ್ಟರೆ ತಡೆಯಲು ಹಿಂದೆ ಮೂರನೆಯದೊಂದಿದೆ. ಸೋರಿದ ಅನಿಲವನ್ನು ಹೊರಹಾಕಲು ಬೋಲ್ಟಿನಲ್ಲಿ ರಂಧ್ರಗಳಿವೆ. ಹಾರಿಸುವವನ ಮುಖವನ್ನು ನೆನಪಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸವಿದು. ಆದರೂ ಅತಿ ಒತ್ತಡದ ತೋಟಾಗಳನ್ನು ಹಾರಿಸುತ್ತಾ ಹೋದರೆ, ಮೊಳೆಗಳು ಒರಗುವ ಜಾಗ ಕೂದಲೆಳೆಯಷ್ಟು ಕುಸಿಯುತ್ತದೆ. ಅಷ್ಟೇ ಸಾಕು. ಗುಂಡು ಹಾರುವ ಕ್ಷಣದಲ್ಲಿ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 4,000 ಪಟ್ಟು ಏರುವುದುಂಟು; ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುವುದು ತೋಟಾದ ತೆಳು ಹಿತ್ತಾಳೆ ಕವಚ. ಹಿಂಬದಿಯ ಆಸರೆ ಸಡಿಲವಾದರೆ ಕವಚ ಹಿಗ್ಗಿ, ಬುಡದ ಬಳಿ ಹರಿಯುತ್ತದೆ. ಬಳಸಿದ ಕವಚದ ಬುಡದ ಮೇಲ್ಭಾಗದಲ್ಲಿ ಸುತ್ತಲೂ ಹೊಳೆಯುವ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಬೋಲ್ಟಿಗೂ ಕವಚದ ಬುಡಕ್ಕೂ ನಡುವಿನ ಈ ಅಂತರವನ್ನು ಅಳೆಯುವ ಗೇಜುಗಳಿವೆ, ಬಂದೂಕು ದುರಸ್ತಿ ಬಲ್ಲವರ ಬಳಿ ಕೆಲವೇ ನಿಮಿಷಗಳ ಕೆಲಸ.

ನಳಿಕೆಯ ಅಳತೆಯೂ ಮೋಸ ಮಾಡಬಲ್ಲದು. 8 ಮಿಲಿಮೀಟರ್ ಮೌಸರ್ ತೋಟಾದ ಹಳೆಯ ಗುಂಡಿನ ವ್ಯಾಸ ಸುಮಾರು 8.1 ಮಿಲಿಮೀಟರ್, ನಂತರದ್ದು 8.2. ಹೆಸರು ಒಂದೇ ಎಂದು ದಪ್ಪ ಗುಂಡನ್ನು ಹಳೆಯ ಕಿರಿದಾದ ನಳಿಕೆಗೆ ಹಾಕಿದರೆ ಒತ್ತಡ ಅಪಾಯಕಾರಿಯಾಗಿ ಏರುತ್ತದೆ.

ಕುದುರೆಯ, ಅಂದರೆ ಟ್ರಿಗರಿನ, ಪರೀಕ್ಷೆಗೆ ಯಾವ ಉಪಕರಣವೂ ಬೇಡ. ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟ್ ಮುಚ್ಚಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಹಾಕಿ, ಕುದುರೆ ಎಳೆದು ಬಿಡಬೇಕು. ಆಮೇಲೆ ಸೇಫ್ಟಿ ತೆಗೆಯುವಾಗ ಒಳಗೆ ತಾನಾಗಿ ಟಕ್ಕೆಂದರೆ, ದುರಸ್ತಿಯಾಗುವವರೆಗೆ ಆ ರೈಫಲಿಗೆ ತೋಟಾ ತುಂಬಬಾರದು.