ಗರ್ಭಿಣಿಯ ಸೊಂಟನೋವು ಮತ್ತು ಎರಡು ಕಾಲಿನ ಭಾರದ ಲೆಕ್ಕ

ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರನ್ನು ಕಾಡುವ ನೋವೊಂದಿದೆ. ಸೀರೆಯ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಸಾಕಷ್ಟು ಕೆಳಗೆ, ಹಿಂದುಗಡೆ ಪೃಷ್ಠದ ಮೇಲ್ಭಾಗದಲ್ಲಿ ಒಂದು ಮಗ್ಗುಲಿಗೆ ಅಥವಾ ಎರಡೂ ಮಗ್ಗುಲಿಗೆ, ಇಲ್ಲವೇ ಮುಂದುಗಡೆ ಕಿಬ್ಬೊಟ್ಟೆ ಮುಗಿಯುವಲ್ಲಿರುವ ಮೂಳೆಯ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ತೊಡೆಯ ಹಿಂಭಾಗಕ್ಕೂ ಇಳಿಯುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿಕಾಲಲ್ಲಿ ನಿಂತು ಲಂಗ ಹಾಕಿಕೊಳ್ಳುವಾಗ ಥಟ್ಟನೆ ಚುಚ್ಚುವುದು ಇದರ ಗುರುತು. ಮನೆಯಲ್ಲಿ ಹೇಳಿಕೊಂಡರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಬಸುರಿ ಅಂದಮೇಲೆ ಸೊಂಟ ನೋಯೋದು ಇದ್ದದ್ದೇ, ಹೆತ್ತಮೇಲೆ ಸರಿಹೋಗುತ್ತೆ ಬಿಡವ್ವಾ’ ಎಂಬುದು. ಸಮಾಧಾನಕ್ಕೆಂದೇ ಆಡಿದ ಮಾತಾದರೂ ಅದರಿಂದಾಗುವ ಹಾನಿ ಸಣ್ಣದಲ್ಲ. ಏಕೆಂದರೆ ಈ ನೋವಿಗೆ ತನ್ನದೇ ಆದ ಕಾರಣವಿದೆ, ಪತ್ತೆಹಚ್ಚುವ ಕ್ರಮವಿದೆ, ಇದನ್ನು ತಗ್ಗಿಸುವ ದಾರಿಗಳೂ ಇವೆ. ‘ಇದ್ದದ್ದೇ’ ಎಂದುಬಿಟ್ಟರೆ ಅವುಗಳಲ್ಲಿ ಒಂದೂ ಆ ಹೆಣ್ಣುಮಗಳನ್ನು ತಲುಪುವುದಿಲ್ಲ.

ಪೆಲ್ವಿಸ್ ಎಂದು ವೈದ್ಯರು, ಶ್ರೋಣಿ ಎಂದು ಪಠ್ಯಪುಸ್ತಕಗಳು ಕರೆಯುವ ಮೂಳೆಗಳ ಬಳೆ ಬೆನ್ನುಮೂಳೆಗೂ ಕಾಲುಗಳಿಗೂ ನಡುವೆ ಇದೆ. ಎರಡು ದೊಡ್ಡ ಚಪ್ಪೆಮೂಳೆಗಳು ಮುಂದುಗಡೆ ಮೃದ್ವಸ್ಥಿಯ ಒಂದು ಕೀಲಿನಲ್ಲಿ ಕೂಡುತ್ತವೆ; ಹಿಂದುಗಡೆ ಅವೆರಡರ ನಡುವೆ, ಕಲ್ಲಿನ ಕಮಾನಿನ ನೆತ್ತಿಯಲ್ಲಿ ಕೂರಿಸಿದ ಬೀಗಗಲ್ಲಿನಂತೆ, ಬೆನ್ನುಮೂಳೆಯ ಬುಡದ ಮೂಳೆಯಾದ ತ್ರಿಕಾಸ್ಥಿ ಬಿಗಿಯಾಗಿ ಕುಳಿತಿರುತ್ತದೆ. ತ್ರಿಕಾಸ್ಥಿಯ ಎಡಬಲದ ಕೀಲುಗಳು ಮೊಣಕಾಲಿನಂತೆ ಮಡಚುವಂಥವಲ್ಲ. ಅವುಗಳ ಚಲನೆ ಕೆಲವೇ ಡಿಗ್ರಿಯೊಳಗಿನದು. ಅವುಗಳ ಮುಖ್ಯ ಕೆಲಸ ಮೈಭಾರವನ್ನು ಕಾಲುಗಳಿಗೆ ಹಂಚುವುದು. ಮೂಳೆಗಳ ಒರಟು ಮೇಲ್ಮೈ ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಸಿಗುವ ಭದ್ರತೆ ಒಂದು ಬಗೆಯದು. ಹೊಟ್ಟೆ, ಬೆನ್ನು, ಪೃಷ್ಠ ಮತ್ತು ಶ್ರೋಣಿಯ ತಳದ ಸ್ನಾಯುಗಳು ಹೊರಗಿನಿಂದ ಬಿಗಿಹಿಡಿಯುವುದರಿಂದ ಸಿಗುವ ಭದ್ರತೆ ಇನ್ನೊಂದು ಬಗೆಯದು. ಬಸಿರಿನಲ್ಲಿ ಮೊದಲನೆಯದು ಸ್ವಲ್ಪ ಸಡಿಲವಾಗುವುದರಿಂದ ಎರಡನೆಯದರ ಮೇಲೆ ಹೊರೆ ಹೆಚ್ಚುತ್ತದೆ. ಹೊಟ್ಟೆಯ ಸ್ನಾಯುಗಳು ಹಿಗ್ಗಿ ತೆಳುವಾಗುವುದೂ ಅದೇ ತಿಂಗಳುಗಳಲ್ಲಿ.

ಈ ಸಡಿಲಿಕೆಗೆ ರಿಲ್ಯಾಕ್ಸಿನ್ ಎಂಬ ಹಾರ್ಮೋನನ್ನು ಹೊಣೆ ಮಾಡುವುದು ರೂಢಿ. 1926ರಲ್ಲಿ ಅಮೆರಿಕದ ಫ್ರೆಡರಿಕ್ ಹಿಸಾ ಅವರು ಗರ್ಭಿಣಿ ಪ್ರಾಣಿಗಳ ರಕ್ತದ ಸೀರಮ್ಮನ್ನು ಗಿನಿಯಿಲಿಗಳಿಗೆ ಚುಚ್ಚಿದಾಗ ಅವುಗಳ ಶ್ರೋಣಿಯ ಮುಂಭಾಗದ ಬಂಧ ಸಡಿಲಗೊಂಡಿದ್ದನ್ನು ಕಂಡರು. ಮುಂದೆ ಆ ವಸ್ತುವಿಗೆ ರಿಲ್ಯಾಕ್ಸಿನ್ ಎಂಬ ಹೆಸರು ಬಂತು. ಆದರೆ ಗಿನಿಯಿಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಹೆಂಗಸರ ರಕ್ತದಲ್ಲಿ ರಿಲ್ಯಾಕ್ಸಿನ್ ಅತಿ ಹೆಚ್ಚಿರುವುದು ಮೊದಲ ಮೂರು ತಿಂಗಳು ಮುಗಿಯುವ ಹೊತ್ತಿಗೆ. ನೋವು ತೀವ್ರವಾಗುವುದಾದರೋ ಆರನೇ ತಿಂಗಳಿನಿಂದ ಒಂಬತ್ತನೇ ತಿಂಗಳೊಳಗೆ. ರಿಲ್ಯಾಕ್ಸಿನ್ ಹೆಚ್ಚಿದ್ದವರಿಗೆಲ್ಲ ನೋವೂ ಹೆಚ್ಚಿರುತ್ತದೆ ಎಂಬುದನ್ನು ಅಧ್ಯಯನಗಳು ಒಮ್ಮತದಿಂದ ತೋರಿಸಿಯೂ ಇಲ್ಲ. ಶ್ರೋಣಿಯ ಮುಂದುಗಡೆಯ ಕೀಲಿನಲ್ಲಿ ಎರಡು ಮೂಳೆಗಳ ನಡುವಿನ ಅಂತರದ ಕಥೆಯೂ ಇದೇ. ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರುವ ಆ ಅಂತರ ಬಸಿರಿನಲ್ಲಿ ಇನ್ನೂ 2-3 ಮಿಲಿಮೀಟರ್ ಹಿಗ್ಗುವುದು ಸಹಜ. ಅದು ಎಷ್ಟು ಹಿಗ್ಗಿದೆ ಎಂಬುದರಿಂದ ನೋವು ಎಷ್ಟಿದೆ ಎಂದು ಹೇಳಲಾಗದು. ಆದ್ದರಿಂದ ‘ಮೂಳೆ ಬಿಟ್ಟುಕೊಂಡಿದೆ’ ಎಂಬ ಮಾತನ್ನು ಕೇಳಿ, ನಡೆದರೆ ಏನೋ ಮುರಿದೇ ಹೋಗುತ್ತದೆಂದು ಹೆದರಿ ಹಾಸಿಗೆ ಹಿಡಿಯುವ ಅಗತ್ಯವಿಲ್ಲ.

ಹಾಗಾದರೆ ನೋವಿಗೆ ನಂಟಿರುವುದು ಯಾವುದಕ್ಕೆ? ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಬಹಳ ಮುಖ್ಯವೆನಿಸುತ್ತದೆ. ಗರ್ಭಿಣಿಯರ ಶ್ರೋಣಿಗೆ ಸಣ್ಣ ಕಂಪನ ಕೊಟ್ಟು, ಅದು ಹಿಂದಿನ ಎರಡು ಕೀಲುಗಳನ್ನು ಹೇಗೆ ದಾಟುತ್ತದೆಂದು ಡಾಪ್ಲರ್ ಯಂತ್ರದಿಂದ ನೋಡಿ ಅವರು ಆ ಕೀಲುಗಳ ಬಿಗಿತವನ್ನು ಅಳೆದರು. ಎರಡೂ ಕೀಲುಗಳು ಸಮನಾಗಿ ಸಡಿಲವಾಗಿದ್ದವರಿಗಿಂತ, ಎಡ ಒಂದು ತೆರ ಬಲ ಒಂದು ತೆರ ಇದ್ದವರಲ್ಲಿಯೇ ಮಧ್ಯಮದಿಂದ ತೀವ್ರ ಪ್ರಮಾಣದ ನೋವು ಹೆಚ್ಚಾಗಿ ಕಂಡುಬಂತು. ಎಂದರೆ ಸಡಿಲಿಕೆಗಿಂತ ಅಸಮತೆಯೇ ಇಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಮಗ್ಗುಲು ಬದಲಿಸುವುದು, ಮೆಟ್ಟಿಲು ಹತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು ಮುಂತಾದ, ನೋವನ್ನು ಕೆಣಕುವ ಕೆಲಸಗಳಲ್ಲೆಲ್ಲ ಒಂದು ಕಾಲು ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಕಾಲು ಬೇರೆಯದನ್ನು ಮಾಡುತ್ತಿರುತ್ತದೆ. ಭಾರವನ್ನು ಎರಡೂ ಕಾಲಿಗೆ ಸಮನಾಗಿ ಹಂಚಬೇಕು, ಎರಡೂ ಕಾಲನ್ನು ಆದಷ್ಟೂ ಜೊತೆಯಾಗಿ ಚಲಿಸಬೇಕು ಎಂಬ ಒಂದು ಸೂತ್ರವನ್ನು ಹಿಡಿದರೆ ಮುಂದೆ ಹೇಳುವ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಪತ್ತೆಹಚ್ಚುವ ಪರೀಕ್ಷೆಗಳಿಗೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಗರ್ಭಿಣಿಯನ್ನು ಸ್ವಲ್ಪ ಹೊತ್ತು ಅಂಗಾತ ಮಲಗಿಸಿ, ಕಾಲು ನೀಡಿಸಿ, ಮೊಣಕಾಲು ಮಡಚದೆ ಒಂದು ಕಾಲನ್ನು ಮಂಚದಿಂದ ಸುಮಾರು 20 ಸೆಂಟಿಮೀಟರ್ ಮೇಲೆತ್ತಲು ಫಿಸಿಯೊಥೆರಪಿಸ್ಟ್ ಹೇಳುತ್ತಾರೆ. ನೋವಿರುವವರಿಗೆ ಆ ಕಾಲು ಕಲ್ಲು ಕಟ್ಟಿದಷ್ಟು ಭಾರವೆನಿಸುತ್ತದೆ. ಕೆಲವರಿಗೆ ಎತ್ತಲು ಆಗುವುದೇ ಇಲ್ಲ. ಬಳಿಕ ಅವರು ತಮ್ಮ ಎರಡೂ ಅಂಗೈಗಳಿಂದ ಚಪ್ಪೆಮೂಳೆಗಳನ್ನು ಎರಡು ಬದಿಯಿಂದ ಒತ್ತಿಹಿಡಿದು, ಅದೇ ಕಾಲನ್ನು ಮತ್ತೆ ಎತ್ತಿಸುತ್ತಾರೆ. ಈ ಸಲ ಕಾಲು ಹಗುರವಾಗಿ ಎದ್ದರೆ, ಕೊರತೆ ಇರುವುದು ಕಾಲಿನ ಬಲದಲ್ಲಲ್ಲ, ಬಳೆಯನ್ನು ಬಿಗಿಹಿಡಿಯುವ ಬಲದಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ತನ್ನ ನೋವಿಗೆ ಕಾರಣ ಏನೆಂದು ಆ ಹೆಣ್ಣುಮಗಳಿಗೂ ಆ ಕ್ಷಣದಲ್ಲಿ ಮೈಯಿಂದಲೇ ತಿಳಿಯುತ್ತದೆ. ಇಂಥ ಪರೀಕ್ಷೆ ಪ್ರತಿ ತಪಾಸಣಾ ಕೇಂದ್ರದಲ್ಲೂ ನಡೆಯಬೇಕೆಂಬುದು ನನ್ನ ಆಸೆ.

ರಾತ್ರಿಯೇ ಬಹುತೇಕರಿಗೆ ಕಷ್ಟದ ಹೊತ್ತು. ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳುವಾಗ ಮೇಲಿನ ಕಾಲು ಮೊದಲು ಹೋಗಿ, ಹೊಟ್ಟೆ ಆಮೇಲೆ ಹಿಂಬಾಲಿಸಿದರೆ ಶ್ರೋಣಿ ತಿರುಚಿಕೊಳ್ಳುತ್ತದೆ. ಅದಕ್ಕೆ ಬದಲಾಗಿ ಎರಡೂ ಮೊಣಕಾಲುಗಳನ್ನು ಮಡಚಿ ಒಂದಕ್ಕೊಂದು ತಾಗಿಸಿ, ಉಸಿರು ಬಿಡುತ್ತ ಪೃಷ್ಠವನ್ನು ಸ್ವಲ್ಪ ಬಿಗಿಹಿಡಿದು, ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ತಿರುಗುವಂತೆ ಹೊರಳಬೇಕು. ಮಗ್ಗುಲಾಗಿ ಮಲಗಿದಾಗ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಎರಡು ಕಾಲುಗಳ ನಡುವೆ ದಿಂಬು ಇರಬೇಕು. ಮೊಣಕಾಲಿನ ನಡುವೆ ಮಾತ್ರ ಇಟ್ಟರೆ ಪಾದ ಕೆಳಕ್ಕೆ ಇಳಿದು ತೊಡೆ ಒಳಕ್ಕೆ ತಿರುಗುತ್ತದೆ. ಉದ್ದನೆಯ ದಿಂಬು ಇಲ್ಲದಿದ್ದರೆ ಮಡಚಿದ ಕೌದಿಯೋ ಸುತ್ತಿದ ಹಳೆಯ ಸೀರೆಯೋ ಸಾಕು. ಏಳುವಾಗಲೂ ಮಗ್ಗುಲಾಗಿಯೇ, ಎರಡೂ ಕಾಲನ್ನು ಜೊತೆಯಾಗಿ ಮಂಚದಿಂದ ಇಳಿಸಿ, ಕೈಯೂರಿ ಏಳಬೇಕು.

ನಮ್ಮ ಮನೆಗೆಲಸದ ಬಹುಪಾಲು ನೆಲದ ಮೇಲೆ ನಡೆಯುವಂಥದ್ದು ಎಂಬುದನ್ನು ಪಾಶ್ಚಾತ್ಯ ದೇಶಗಳ ಸಲಹೆಪುಸ್ತಕಗಳು ಗಮನಿಸಿರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಒಂದು ಕಾಲು ಮಡಚಿ ಇನ್ನೊಂದು ಮೊಣಕಾಲನ್ನು ಎತ್ತಿ ಕುಳಿತು ರೊಟ್ಟಿ ಬಡಿಯುವುದು, ಕರಾವಳಿ ಮಲೆನಾಡುಗಳಲ್ಲಿ ಈಳಿಗೆಮಣೆಯನ್ನು ಒಂದು ಕಾಲಿನಿಂದ ಒತ್ತಿಹಿಡಿದು ತರಕಾರಿ ಹೆಚ್ಚುವುದು, ತುಂಬಿದ ಬಿಂದಿಗೆಯನ್ನು ಒಂದೇ ಚಪ್ಪೆಯ ಮೇಲಿಟ್ಟು ನಡೆಯುವುದು, ಮೊದಲ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಲೆಯ ಮುಂದೆ ನಿಲ್ಲುವುದು, ಇವೆಲ್ಲವೂ ಭಾರವನ್ನು ಒಂದು ಬದಿಗೆ ಹಾಕುವ ಭಂಗಿಗಳು. ಆರೋಗ್ಯವಂತ ಶ್ರೋಣಿಗೆ ಇವುಗಳಿಂದ ತೊಂದರೆಯಿಲ್ಲ. ನೋವು ಶುರುವಾದ ಮೇಲೆ ಮಾತ್ರ ಇವುಗಳನ್ನು ಬದಲಿಸಲೇಬೇಕು. ರೊಟ್ಟಿಯ ಒಲೆಯನ್ನು ಕಟ್ಟೆಗೆ ಏರಿಸುವುದು, ಸ್ಟೂಲಿನ ಮೇಲೆ ಕುಳಿತು ಹೆಚ್ಚುವುದು, ನೀರನ್ನು ಎರಡು ಸಣ್ಣ ಕೊಡಗಳಲ್ಲಿ ಎರಡೂ ಕೈಗೆ ಹಂಚಿಕೊಳ್ಳುವುದು, ಅದಕ್ಕಿಂತ ಮಿಗಿಲಾಗಿ ಆ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳುವುದು, ಇವು ಚಿಕಿತ್ಸೆಯ ಭಾಗವೇ. ಸೀಮಂತದ ದಿನ ಹಸೆಯ ಮೇಲೆ ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂರಿಸುವ ಬದಲು ಕುರ್ಚಿ ಕೊಟ್ಟರೆ ಶಾಸ್ತ್ರಕ್ಕೇನೂ ಕುಂದಾಗದು.

ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಪ್ರತಿ ಮೆಟ್ಟಿಲಿನಲ್ಲೂ ಎರಡೂ ಪಾದ ಕೂಡಿಸಿ ಮುಂದಿನ ಹೆಜ್ಜೆ. ಬಟ್ಟೆ ಹಾಕಿಕೊಳ್ಳುವುದು ಕುಳಿತೇ ಆಗಬೇಕು. ಕಾರು ಅಥವಾ ಆಟೊ ಹತ್ತುವಾಗ ಮೊದಲು ಸೀಟಿನ ಅಂಚಿನಲ್ಲಿ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಕ್ಕೆ ತಿರುಗಿಸಬೇಕು. ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತರೆ ಶ್ರೋಣಿ ದಾರಿಯುದ್ದಕ್ಕೂ ತಿರುಚಿಕೊಂಡೇ ಇರುತ್ತದೆ, ಎರಡೂ ಬದಿಗೆ ಹಾಕಿ ಕುಳಿತರೆ ಮುಂದಿನ ಕೀಲಿಗೆ ಎಳೆತ ಬೀಳುತ್ತದೆ. ನೋವಿರುವಷ್ಟು ದಿನ ಬೈಕನ್ನು ಬಿಡುವುದೇ ಒಳಿತು.

ಪೂರ್ತಿ ವಿಶ್ರಾಂತಿ ಮದ್ದಲ್ಲ. ಬಿಗಿಹಿಡಿಯುವ ಸ್ನಾಯುಗಳು ಮಲಗಿದಷ್ಟೂ ಸೊರಗುತ್ತವೆ. ಶ್ರೋಣಿಯ ತಳದ ಸ್ನಾಯು, ಹೊಟ್ಟೆಯ ಒಳಪದರದ ಸ್ನಾಯು, ಪೃಷ್ಠದ ಸ್ನಾಯುಗಳಿಗೆ ಫಿಸಿಯೊಥೆರಪಿಸ್ಟ್ ಹೇಳಿಕೊಡುವ ಮೃದು ವ್ಯಾಯಾಮಗಳು, ನೋವು ಕೆಣಕದಷ್ಟು ದೂರದ ನಡಿಗೆ, ಅನುಕೂಲವಿದ್ದಲ್ಲಿ ನೀರಿನೊಳಗಿನ ವ್ಯಾಯಾಮ ಉಪಯೋಗಕ್ಕೆ ಬರುತ್ತವೆ. ಸ್ವೀಡನ್ನಿನಲ್ಲಿ 386 ಗರ್ಭಿಣಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಮಾನ್ಯ ಆರೈಕೆಯ ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮ ಅಥವಾ ಅಕ್ಯುಪಂಕ್ಚರ್ ಪಡೆದವರಿಗೆ ಬರೀ ಸಾಮಾನ್ಯ ಆರೈಕೆ ಪಡೆದವರಿಗಿಂತ ಹೆಚ್ಚು ಉಪಶಮನ ಸಿಕ್ಕಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಾರ್ಮಲ್ ಹೆರಿಗೆಗೆ ಒಳ್ಳೆಯದೆಂದು ಬದ್ಧಕೋನಾಸನವನ್ನೂ ಆಳವಾದ ಕುಕ್ಕರಗಾಲಿನ ಬೈಠಕ್‌ಗಳನ್ನೂ ಎಲ್ಲ ಗರ್ಭಿಣಿಯರಿಗೂ ಒಂದೇ ಸಮನೆ ಮಾಡಿಸುವುದುಂಟು. ಮುಂದಿನ ಕೀಲಿನಲ್ಲಿ ನೋವಿರುವವರಿಗೆ ಕಾಲನ್ನು ಹೀಗೆ ಅಗಲಿಸುವುದೇ ನೋವನ್ನು ಹೆಚ್ಚಿಸುತ್ತದೆ. ಅಂಥವರು ಇವನ್ನು ನಿಲ್ಲಿಸಿದರೆ ಹೆರಿಗೆಗೆ ಯಾವ ತೊಡಕೂ ಆಗದು.

ಸೊಂಟಪಟ್ಟಿಯನ್ನು ಹೊಟ್ಟೆಯ ಮೇಲೆ ಕಟ್ಟದೆ, ಚಪ್ಪೆಮೂಳೆಯ ಮುಂದಿನ ಮೊನೆಗಳಿಗಿಂತ ಕೆಳಗೆ ಕಟ್ಟಬೇಕು. ಪರೀಕ್ಷೆಯಲ್ಲಿ ಅಂಗೈಗಳು ಮಾಡಿದ ಕೆಲಸವನ್ನೇ ಅದು ಮಾಡುತ್ತದೆ. ನಡೆದಾಡುವ ಹೊತ್ತಿಗಷ್ಟೇ ಅದು ಸಾಕು, ದಿನವಿಡೀ ಬೇಡ. ಔಷಧಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಬಗೆಯ ನೋವಿನ ಮಾತ್ರೆಗಳು ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಗುತ್ತವೆ. 20ನೇ ವಾರದ ನಂತರ ಅವು ಶಿಶುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಪ್ಯಾರಸಿಟಮಾಲ್ ಆದರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಈ ಭಾಗದ ನೋವುಗಳೆಲ್ಲ ಇದೇ ಎಂದು ತಿಳಿಯಬಾರದು. ಕೊನೆಯ ಮೂರು ತಿಂಗಳಲ್ಲಿ ತೊಡೆಸಂದಿನ ಆಳದಲ್ಲಿ ನೋವು ದಿನದಿಂದ ದಿನಕ್ಕೆ ಏರುತ್ತ, ಕಾಲೂರಲೂ ಆಗದಂತಾದರೆ, ಚಪ್ಪೆಯ ಕೀಲಿನ ಮೂಳೆ ತಾತ್ಕಾಲಿಕವಾಗಿ ಟೊಳ್ಳಾಗುವ ಅಪರೂಪದ ಸ್ಥಿತಿ ಇರಬಹುದು. ಅದನ್ನು ಕಡೆಗಣಿಸಿದರೆ ತೊಡೆಮೂಳೆಯ ಕುತ್ತಿಗೆ ಮುರಿಯುವ ಅಪಾಯವಿದೆ. ವಿಕಿರಣವಿಲ್ಲದ ಎಂಆರ್‌ಐ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ನೋವಿನ ಜೊತೆ ಜ್ವರ, ಉರಿಮೂತ್ರ, ರಕ್ತಸ್ರಾವ, ನೀರು ಹೋಗುವುದು, ಬಿಟ್ಟುಬಿಟ್ಟು ಹೊಟ್ಟೆ ಬಿಗಿಯುವುದು, ಒಂದೇ ಕಾಲಿನ ಮೀನಖಂಡ ಊದುವುದು, ತೊಡೆಗಳ ನಡುವೆ ಮರಗಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಸರಕಾರಿ ಆರೋಗ್ಯ ಕೇಂದ್ರಗಳು 14ನೇ ವಾರದಿಂದ ದಿನಕ್ಕೆ ಎರಡರಂತೆ ಕೊಡುವ ಕ್ಯಾಲ್ಸಿಯಂ ಮಾತ್ರೆ ಶ್ರೋಣಿಯ ನೋವಿಗೆ ಮದ್ದಲ್ಲವಾದರೂ ಅದನ್ನು ಬಿಡಬಾರದು. ಕಬ್ಬಿಣದ ಮಾತ್ರೆಯ ಜೊತೆಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

ಈ ನೋವಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ. ಆದರೆ ಹೆರಿಗೆ ಕೋಣೆಯಲ್ಲಿರುವವರಿಗೆ ಮೊದಲೇ ತಿಳಿದಿರಬೇಕು. ನೋವಾಗದಂತೆ ಮೊಣಕಾಲುಗಳನ್ನು ಎಷ್ಟು ದೂರ ಅಗಲಿಸಬಹುದೆಂದು ಕೊನೆಯ ತಿಂಗಳಲ್ಲೇ ಅಳೆದು ಬರೆಸಿಟ್ಟರೆ, ಹೆರಿಗೆಯ ಹೊತ್ತಿನಲ್ಲಿ ಕಾಲನ್ನು ಅದಕ್ಕಿಂತ ಹೆಚ್ಚು ಎಳೆಯದಂತೆ, ಎತ್ತುವಾಗ ಎರಡನ್ನೂ ಒಟ್ಟಿಗೆ ಎತ್ತುವಂತೆ ಅವರು ನೋಡಿಕೊಳ್ಳಬಹುದು. ಮಗ್ಗುಲಾಗಿ ಅಥವಾ ಮಂಡಿಯೂರಿ ಹೆರುವುದು ಹಲವರಿಗೆ ಹೆಚ್ಚು ಹಿತ.

ಹೆತ್ತಮೇಲೆ ಬಹುತೇಕರಿಗೆ ಮೂರು ತಿಂಗಳೊಳಗೆ ನೋವು ಇಳಿಯುತ್ತದೆ. ಕೆಲವರಿಗೆ ವರ್ಷಗಳವರೆಗೂ ಉಳಿಯುತ್ತದೆ. ಬಾಣಂತನದ ಬಿಸಿನೀರೂ ಎಣ್ಣೆಯೂ ಮೈಗೆ ಹಿತವೇ. ಹೊಟ್ಟೆಯ ಸುತ್ತ ಉಸಿರುಗಟ್ಟುವಷ್ಟು ಬಿಗಿದು ಬಟ್ಟೆ ಕಟ್ಟುವುದು ಮಾತ್ರ ಶ್ರೋಣಿಯ ತಳದ ಮೇಲೆ ಒತ್ತಡ ಹೇರುವುದರಿಂದ ಬೇಡ. ನೋವು ಉಳಿದ ಬಾಣಂತಿಯರಿಗೆ ವ್ಯಾಯಾಮವೇ ದಾರಿ. ನಾರ್ವೆಯಲ್ಲಿ ಅಂಥ 81 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಸ್ನಾಯುಗಳನ್ನು ಬಲಪಡಿಸುವ ನಿರ್ದಿಷ್ಟ ವ್ಯಾಯಾಮ ಮಾಡಿದವರಲ್ಲಿ ಕಂಡ ಲಾಭ ಎರಡು ವರ್ಷಗಳ ನಂತರವೂ ಉಳಿದಿತ್ತು. ಒಂದು ಬಸಿರಿನಲ್ಲಿ ಈ ನೋವು ಕಂಡವರಿಗೆ ಮುಂದಿನದರಲ್ಲೂ ಬರುವ ಸಂಭವ ಹೆಚ್ಚಿರುವುದರಿಂದ, ಅವರು ವ್ಯಾಯಾಮವನ್ನು ಮತ್ತೆ ಬಸುರಾಗುವ ಮೊದಲೇ ಶುರುಮಾಡಿ, ಮೊದಲ ತಪಾಸಣೆಗೆ ಹೋದಾಗಲೇ ಹಿಂದಿನ ನೋವಿನ ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಸಬೇಕು.